ಕಂಟ್ರೋಲ್, ಆಲ್ಟ್, ಡಿಲೀಟ್: ಎರಡು ಕೈ ಬೇಕಾಗಿದ್ದ ಬಾಗಿಲು

ಇವತ್ತಿನ ಸಂಚಿಕೆಗೆ ಮುಂಚೆ ನಮ್ಮ ಚಿಕ್ಕಮ್ಮನ ಮಗನ ಕಥೆ ಹೇಳ್ತೀನಿ. ಹೆಸರು ಬೇಡ, ಅವನೂ ಈ ಪಾಡ್‌ಕಾಸ್ಟ್ ಕೇಳ್ತಾನೆ.

ಹುಡುಗ ಇಂಜಿನಿಯರಿಂಗ್ ಕೊನೆಯ ವರ್ಷ. ರಾತ್ರಿ ಹನ್ನೊಂದೂವರೆಗೆ ಯಾವುದೋ ಪಠ್ಯಪುಸ್ತಕದ ಪಿಡಿಎಫ್ ಪುಕ್ಕಟೆ ಸಿಗುತ್ತಾ ಅಂತ ಲ್ಯಾಪ್‌ಟಾಪ್‌ನಲ್ಲಿ ಹುಡುಕ್ತಾ ಕೂತಿದ್ದ. ಒಂದು ಪುಟ ತೆರೆದುಕೊಂಡಿತು. ‘ನೀವು ರೋಬೋಟ್ ಅಲ್ಲ ಅಂತ ಖಚಿತಪಡಿಸಿ’ ಅನ್ನೋ, ನಮಗೆಲ್ಲ ಗೊತ್ತಿರುವ ಆ ಚೌಕ. ಒತ್ತಿದ. ಈ ಸಲ ಬಸ್ಸು, ಟ್ರಾಫಿಕ್ ಲೈಟು ಹುಡುಕುವ ಚಿತ್ರಗಳು ಬರಲಿಲ್ಲ. ಮೂರು ಸಾಲು ಬಂತು. ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ. ಆಮೇಲೆ ಕಂಟ್ರೋಲ್ ಮತ್ತು ವಿ ಒತ್ತಿ. ಆಮೇಲೆ ಎಂಟರ್ ಒತ್ತಿ.

ಒತ್ತಿದ. ಪರದೆ ಮೇಲೆ ಏನೋ ಕಪ್ಪಗೆ ಒಂದು ಕ್ಷಣ ಮಿಂಚಿ ಹೋಯ್ತು. ಬೆಳಗ್ಗೆ ಏಳೋ ಹೊತ್ತಿಗೆ ಇಮೇಲ್ ಪಾಸ್‌ವರ್ಡ್ ಬದಲಾಗಿತ್ತು, ರೀಲ್ಸ್ ಹಾಕ್ತಿದ್ದ ಖಾತೆ ಬೇರೆ ಯಾರದೋ ಕೈಯಲ್ಲಿತ್ತು. ನನಗೆ ಫೋನ್ ಮಾಡಿ ಅವನು ಹೇಳಿದ ಮೊದಲ ಮಾತು: “ಅಣ್ಣಾ, ನಾನು ಏನೂ ಡೌನ್‌ಲೋಡ್ ಮಾಡಿಲ್ಲ. ಬರೀ ಕೀ ಒತ್ತಿದೆ ಅಷ್ಟೇ.”

ಬರೀ ಕೀ ಒತ್ತಿದೆ. ಇವತ್ತಿನ ಸಂಚಿಕೆ ಇದರ ಮೇಲೇ. ಎರಡು ಮೂರು ಕೀ ಒಟ್ಟಿಗೆ ಒತ್ತಿದರೆ, ಅಥವಾ ಒಂದು ಪುಟ್ಟ ಪದ ಟೈಪ್ ಮಾಡಿದರೆ ಕಂಪ್ಯೂಟರಿನ ಒಳಮನೆ ಬಾಗಿಲು ತೆರೆಯುತ್ತೆ ಅಲ್ವಾ, ಆ ಬಾಗಿಲುಗಳನ್ನ ಯಾರು ಇಟ್ಟರು, ಯಾಕೆ ಇಟ್ಟರು, ಯಾರಿಗೋಸ್ಕರ ಇಟ್ಟರು?

ಮೊದಲು ಅಮೆರಿಕದ ಫ್ಲಾರಿಡಾಕ್ಕೆ ಹೋಗೋಣ. ಅಲ್ಲಿನ ಬೋಕಾ ರಟಾನ್ ಅನ್ನೋ ಊರಲ್ಲಿ 1980ರಲ್ಲಿ ಐಬಿಎಂ ಕಂಪನಿಯ ಒಂದು ಸಣ್ಣ ತಂಡ ಅವಸರದಲ್ಲಿ ಕೆಲಸ ಮಾಡ್ತಿತ್ತು. ಜನ ಮನೆಗೆ ತಗೊಂಡು ಹೋಗೋ ಕಂಪ್ಯೂಟರ್ ಒಂದನ್ನ ಸುಮಾರು ಒಂದು ವರ್ಷದಲ್ಲಿ ಮುಗಿಸಬೇಕಿತ್ತು. ಅದೇ ಐಬಿಎಂ ಪಿಸಿ, 1981ರ ಆಗಸ್ಟ್ 12ರಂದು ಬಿಡುಗಡೆ ಆಗಿದ್ದು. ಆ ತಂಡದಲ್ಲಿ ಡೇವಿಡ್ ಬ್ರಾಡ್ಲಿ ಅಂತ ಒಬ್ಬ ಇಂಜಿನಿಯರ್ ಇದ್ದರು. ಯಂತ್ರ ಆನ್ ಆದ ತಕ್ಷಣ ಮೊಟ್ಟಮೊದಲು ಓಡುವ ಪ್ರೋಗ್ರಾಂ ಇರುತ್ತಲ್ಲ, ಬಯೋಸ್, ಅದನ್ನ ಬರೀತಿದ್ದವರು ಅವರು.

ಪ್ರೋಗ್ರಾಂ ಬರೆಯೋರ ಕಷ್ಟ ಏನು ಗೊತ್ತಾ? ಬರೀತಾರೆ, ಓಡಿಸ್ತಾರೆ, ಯಂತ್ರ ಹ್ಯಾಂಗ್ ಆಗುತ್ತೆ. ಸ್ವಿಚ್ ಆಫ್, ಸ್ವಿಚ್ ಆನ್. ಆನ್ ಮಾಡಿದ ಪ್ರತಿ ಸಲ ಯಂತ್ರ ತನ್ನ ಮೆಮರಿಯನ್ನೆಲ್ಲ ಮೊದಲಿಂದ ಪರೀಕ್ಷೆ ಮಾಡಿಕೊಳ್ಳುತ್ತೆ. ದಿನಕ್ಕೆ ಎಷ್ಟೋ ಸಲ ಕೈಕಟ್ಟಿ ಕಾಯಬೇಕು. ಬೇಸತ್ತ ಬ್ರಾಡ್ಲಿ ಒಂದು ಒಳದಾರಿ ಮಾಡಿದರು. ಕೆಲವು ಕೀ ಒಟ್ಟಿಗೆ ಒತ್ತಿದರೆ ಯಂತ್ರ ವಿದ್ಯುತ್ ಕಳಕೊಳ್ಳದೆ, ಮೆಮರಿ ಪರೀಕ್ಷೆ ಬಿಟ್ಟು ಮತ್ತೆ ಶುರುವಾಗಬೇಕು. ಇದಕ್ಕೆ ಮೆಮರಿಯ ಒಂದು ಮೂಲೆಯಲ್ಲಿ 1234 ಅನ್ನೋ ಸಂಖ್ಯೆ ಬರೆದಿಡ್ತಿದ್ದರು. ಮತ್ತೆ ಎದ್ದ ಯಂತ್ರ ಆ ಮೂಲೆ ನೋಡುತ್ತೆ. 1234 ಇದೆಯಾ, ಸರಿ, ಇವನು ಒಳದಾರಿಯಿಂದ ಬಂದವನು, ಪರೀಕ್ಷೆ ಬೇಡ. ನಾವು ಎಟಿಎಂ ಪಿನ್‌ಗೆ ಇಡಬೇಡಿ ಅಂತ ಬಡಕೊಳ್ಳೋ ಅದೇ ಸಂಖ್ಯೆ ನೋಡಿ.

ಅವರು ಮೊದಲು ಆರಿಸಿಕೊಂಡ ಕೀಗಳು ಕಂಟ್ರೋಲ್, ಆಲ್ಟ್, ಎಸ್ಕೇಪ್. ಈ ಮೂರೂ ಕೀಬೋರ್ಡಿನ ಎಡಗಡೆ, ಒಂದೇ ಕೈಗೆ ಸಿಗೋ ಹಾಗಿದ್ದವು. ಗೊತ್ತಿಲ್ಲದೆ ಕೈ ತಗುಲಿದರೂ ಮುಗೀತು, ಮಾಡಿದ ಕೆಲಸವೆಲ್ಲ ಹೋಯ್ತು. ಅದಕ್ಕೆ ಎಸ್ಕೇಪ್ ತೆಗೆದು ಡಿಲೀಟ್ ಹಾಕಿದರು. ಆಗಿನ 83 ಕೀಗಳ ಕೀಬೋರ್ಡಿನಲ್ಲಿ ಕಂಟ್ರೋಲ್ ಒಂದೇ, ಆಲ್ಟ್ ಒಂದೇ, ಎರಡೂ ಎಡಗಡೆ. ಡಿಲೀಟ್ ಇದ್ದದ್ದು ಬಲತುದಿಯಲ್ಲಿ. ಅಂದರೆ ಎರಡು ಕೈ ಬೇಕೇ ಬೇಕು. ಬೆಕ್ಕು ಕೀಬೋರ್ಡ್ ಮೇಲೆ ನಡೆದರೂ ಆಗಲ್ಲ, ಕಾಫಿ ಲೋಟ ಇಟ್ಟರೂ ಆಗಲ್ಲ.

ಇದನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ. ಕಂಟ್ರೋಲ್-ಆಲ್ಟ್-ಡಿಲೀಟ್ ಶುರುವಾಗಿದ್ದು ಸುಲಭ ಆಗಲಿ ಅಂತ. ಆದರೆ ಅದರ ಆಕಾರ ಬಂದದ್ದು ಕಷ್ಟ ಆಗಲಿ ಅಂತ. ಒತ್ತೋನು ಬೇಕು ಅಂತಲೇ ಒತ್ತಬೇಕು.

ಇದು ಇಂಜಿನಿಯರುಗಳ ಒಳಮಾತಾಗಿ ಉಳಿಯಬೇಕಿತ್ತು. ಆದರೆ ಐಬಿಎಂ ಪ್ರಕಟಿಸಿದ ತಾಂತ್ರಿಕ ಕೈಪಿಡಿಯಲ್ಲೂ ಇದು ಸೇರಿಕೊಂಡು ಲೋಕಕ್ಕೆಲ್ಲ ಗೊತ್ತಾಯಿತು. 2001ರಲ್ಲಿ ಐಬಿಎಂ ಪಿಸಿಗೆ ಇಪ್ಪತ್ತು ತುಂಬಿದಾಗ ವೇದಿಕೆ ಮೇಲೆ ಬಿಲ್ ಗೇಟ್ಸ್ ಎದುರಿಗೇ ಬ್ರಾಡ್ಲಿ ಒಂದು ಚಟಾಕಿ ಹಾರಿಸಿದರು: ಕಂಡುಹಿಡಿದವನು ನಾನಿರಬಹುದು, ಹೆಸರುವಾಸಿ ಮಾಡಿದ್ದು ಬಿಲ್ ಅಂತ. ಸಭೆ ಗೊಳ್ಳೆಂದಿತು. ವಿಂಡೋಸ್ ಆ ಪರಿ ಹ್ಯಾಂಗ್ ಆಗ್ತಿದ್ದ ಕಾಲ ಅದು.

ಕೀ ಕಥೆ ಇಷ್ಟು. ಈಗ ಟೈಪ್ ಮಾಡೋ ಪದಗಳ ಕಥೆ. ಇದಕ್ಕೆ ಇನ್ನೂ ಇಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು.

1960ರ ಸುಮಾರಿಗೆ ಕಂಪ್ಯೂಟರ್ ಅಂದ್ರೆ ದೊಡ್ಡ ಕೋಣೆ. ಬಳಸೋರು ರಂಧ್ರ ಹೊಡೆದ ಕಾರ್ಡುಗಳ ಕಟ್ಟು ಕೊಟ್ಟು, ಮರುದಿನ ಬಂದು ಉತ್ತರ ತಗೊಂಡು ಹೋಗಬೇಕು. ಒಂದು ಅಕ್ಷರ ತಪ್ಪಿದ್ದರೆ ಮತ್ತೆ ಸಾಲಲ್ಲಿ ನಿಲ್ಲಬೇಕು, ಸರ್ಕಾರಿ ಕಚೇರಿ ಥರ. 1961ರಲ್ಲಿ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ತಂಡ ಒಂದೇ ಯಂತ್ರವನ್ನ ಹಲವರು ಒಂದೇ ಹೊತ್ತಲ್ಲಿ ಬಳಸೋ ವ್ಯವಸ್ಥೆ ತೋರಿಸಿತು. ನೀವು ಟೈಪ್ ಮಾಡ್ತೀರಿ, ಯಂತ್ರ ಆಗಲೇ ಉತ್ತರ ಕೊಡುತ್ತೆ. ಆಜ್ಞೆ ಕೊಡೋದು ಅನ್ನೋದು ಹೀಗೆ ಮಾತುಕತೆ ಆಯ್ತು.

ಅಲ್ಲಿ ಕೆಲಸ ಮಾಡ್ತಿದ್ದ ಫ್ರಾನ್ಸಿನ ಲೂಯಿ ಪೂಜಾಂ ಅನ್ನೋರು ಈ ಆಜ್ಞೆ ಕೇಳಿಸಿಕೊಳ್ಳೋ ಪ್ರೋಗ್ರಾಂಗೆ ‘ಶೆಲ್’ ಅಂತ ಹೆಸರಿಟ್ಟರು. ತೆಂಗಿನಕಾಯಿ ನೆನಪು ಮಾಡಿಕೊಳ್ಳಿ. ಒಳಗಿನ ತಿರುಳು ವ್ಯವಸ್ಥೆಯ ಜೀವ. ಹೊರಗಿನ ಕರಟ ನಮ್ಮ ಕೈಗೆ ಸಿಗೋದು. ನಾವು ಮಾತಾಡೋದೆಲ್ಲ ಕರಟದ ಜೊತೆ. ಇವತ್ತಿಗೂ ವಿಂಡೋಸ್‌ನಲ್ಲಿರೋ ‘ಪವರ್‌ಶೆಲ್’ ಹೆಸರಿನ ಬಾಲ ಅಲ್ಲಿಂದಲೇ ಬಂದದ್ದು.

1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಯುನಿಕ್ಸ್ ಶುರು ಮಾಡಿದರು. ಅವರ ಮುಂದೆ ಇದ್ದದ್ದು ಪರದೆ ಅಲ್ಲ, ಟೆಲಿಟೈಪ್. ಕಾಗದದ ಮೇಲೆ ಕಟಕಟ ಹೊಡೆಯೋ ಯಂತ್ರ, ಕೀಗಳು ಗಟ್ಟಿ, ವೇಗ ಸೆಕೆಂಡಿಗೆ ಹತ್ತು ಅಕ್ಷರ. ಅಂಥ ಯಂತ್ರದಲ್ಲಿ ಉದ್ದುದ್ದ ಪದ ಯಾರು ಹೊಡೀತಾರೆ? ಕಾಪಿ ಅನ್ನೋದು ಸಿಪಿ ಆಯ್ತು, ಮೂವ್ ಎಂವಿ ಆಯ್ತು, ಲಿಸ್ಟ್ ಎಲ್ಎಸ್ ಆಯ್ತು. ನೀವು ಕ್ಲಾಸ್‌ಮೇಟ್ ಜೊತೆ ಚಾಟ್ ಮಾಡುವಾಗ ಸ್ವರಗಳನ್ನೆಲ್ಲ ನುಂಗಿ ಹಾಕ್ತೀರಲ್ಲ, ಹಾಗೇ.

ವಿಂಡೋಸ್‌ನ ಪದಗಳು ಕುಳ್ಳಗಿರೋದಕ್ಕೆ ಕಾರಣ ಬೇರೆ. 1970ರ ದಶಕದಲ್ಲಿ ಗ್ಯಾರಿ ಕಿಲ್ಡಾಲ್ ಮಾಡಿದ ಸಿಪಿ/ಎಂ ಅನ್ನೋ ವ್ಯವಸ್ಥೆಯಲ್ಲಿ ಒಂದೊಂದು ಫೈಲಿನ ವಿವರಕ್ಕೆ 32 ಬೈಟ್ ಜಾಗ. ಅದರಲ್ಲಿ ಹೆಸರಿಗೆ 8, ಬಾಲಕ್ಕೆ 3. 1980ರಲ್ಲಿ ಸಿಯಾಟಲ್‌ನ ಟಿಮ್ ಪ್ಯಾಟರ್ಸನ್ ಇದೇ ಅಳತೆಯನ್ನ ತಮ್ಮ ವ್ಯವಸ್ಥೆಗೂ ತಗೊಂಡರು. ಅದನ್ನ ಮೈಕ್ರೋಸಾಫ್ಟ್ ಕೊಂಡುಕೊಂಡಿತು, ಅದೇ ಎಂಎಸ್-ಡಾಸ್. ಹೆಸರು ಎಂಟು ಅಕ್ಷರ ದಾಟಬಾರದು ಅನ್ನೋ ನಿಯಮ 1995ರ ವಿಂಡೋಸ್ 95 ಬರೋವರೆಗೂ ಮನೆ ಕಂಪ್ಯೂಟರ್‌ಗಳಲ್ಲಿ ನಡೀತು. ನಿಯಮ ಹೋದ ಮೇಲೂ ಅಭ್ಯಾಸ ಹೋಗಲಿಲ್ಲ.

ಹತ್ತಿರ ವಿಂಡೋಸ್ ಲ್ಯಾಪ್‌ಟಾಪ್ ಇದ್ದರೆ ನೋಡಿ. ಟಾಸ್ಕ್ ಮ್ಯಾನೇಜರ್ ತೆರೆಯೋಕೆ ಟಾಸ್ಕ್ ಅಂತ ಬರೆದು ಪಕ್ಕಕ್ಕೆ ಎಂ-ಜಿ-ಆರ್. ತಮಿಳು ನಟರಲ್ಲ ಮತ್ತೆ, ಮ್ಯಾನೇಜರ್‌ನ ಹೊಟ್ಟೆ ಬಗೆದು ಉಳಿಸಿದ ಮೂರು ಅಕ್ಷರ. ಇಂಗ್ಲಿಷಿನಲ್ಲಿ ಒಟ್ಟು ಏಳು. ಯಂತ್ರದ ದಿನಚರಿ ತೋರಿಸೋ ಈವೆಂಟ್ ವ್ಯೂವರ್‌ಗೆ ಈವೆಂಟ್ ಆದಮೇಲೆ ವಿ-ಡಬ್ಲ್ಯು-ಆರ್, ಒಟ್ಟು ಎಂಟು. ಎಂಎಸ್‌ಕಾನ್ಫಿಗ್ ಎಂಟು, ರೆಗ್‌ಎಡಿಟ್ ಏಳು, ನೋಟ್‌ಪ್ಯಾಡ್ ಏಳು. 2006ರಲ್ಲಿ ಬಂದ ಪವರ್‌ಶೆಲ್ ಹತ್ತು. ಹೆಸರಿನ ಉದ್ದ ನೋಡಿಯೇ ವಯಸ್ಸು ಅಂದಾಜು ಮಾಡಬಹುದು ಅನ್ನೋದು ನನ್ನ ಖಾಸಗಿ ಸಿದ್ಧಾಂತ, ಪಂದ್ಯಕ್ಕೆ ಮಾತ್ರ ಇಳಿಯಬೇಡಿ.

ಕೀಬೋರ್ಡ್ ವಿಷಯ ಬಂತಲ್ಲ, ನಮ್ಮ ಕಡೆಯ ಒಂದು ಮಾತು. ಅದೇ 83 ಕೀಗಳ ಮೊದಲ ಕೀಬೋರ್ಡಿನಲ್ಲಿ ಸ್ಕ್ರೋಲ್ ಲಾಕ್ ಅಂತ ಒಂದು ಕೀ ಇತ್ತು. ಮುಂದೆ ಅದರಿಂದ ಯಾರಿಗೂ ಅಂಥ ಕೆಲಸ ಉಳಿಯಲಿಲ್ಲ. ಆ ಅನಾಥ ಕೀಗೆ ಕೆಲಸ ಕೊಟ್ಟಿದ್ದು ನಮ್ಮ ನುಡಿ ತಂತ್ರಾಂಶ. ಸ್ಕ್ರೋಲ್ ಲಾಕ್ ಒತ್ತಿದರೆ ಕನ್ನಡ, ಮತ್ತೆ ಒತ್ತಿದರೆ ಇಂಗ್ಲಿಷ್. ಊರೂರಿನ ಡಿಟಿಪಿ ಅಂಗಡಿಗಳಲ್ಲಿ ಮದುವೆ ಪತ್ರಿಕೆ, ಅರ್ಜಿ, ಕರಪತ್ರ ಟೈಪ್ ಮಾಡೋರ ಕೀಬೋರ್ಡಿನಲ್ಲಿ ಬೇರೆಲ್ಲೂ ಸವೆಯದ ಆ ಕೀ ಸವೆದು ಹೋಗಿರ್ತಿತ್ತು. ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಆ ಕೀಯೇ ಇಲ್ಲ.

ಸರಿ, ಮತ್ತೆ ಮೂರು ಕೀಗೆ ಬರೋಣ. ಅದಕ್ಕೆ ಎರಡನೇ ಜನ್ಮ ಬಂದದ್ದು 1993ರಲ್ಲಿ, ವಿಂಡೋಸ್ ಎನ್‌ಟಿ ಜೊತೆ. ಡೇವ್ ಕಟ್ಲರ್ ಮುಂದಾಳತ್ವದಲ್ಲಿ ಕಚೇರಿಗಳಿಗೋಸ್ಕರ ಮಾಡಿದ ಗಟ್ಟಿಮುಟ್ಟಾದ ವಿಂಡೋಸ್ ಅದು. ಅದರ ಮುಂದೆ ಕೂತರೆ ಮೊದಲು ಕೇಳ್ತಿದ್ದದ್ದೇ ಕಂಟ್ರೋಲ್-ಆಲ್ಟ್-ಡಿಲೀಟ್ ಒತ್ತಿ ಅಂತ. ಆಮೇಲೆ ಹೆಸರು, ಪಾಸ್‌ವರ್ಡ್. ಬಹಳ ಜನ ಇದನ್ನ ತಲೆಹರಟೆ ಅಂದುಕೊಂಡರು. ರೀಸ್ಟಾರ್ಟ್ ಮಾಡೋ ಕೀಗಳನ್ನ ಲಾಗಿನ್‌ಗೆ ಯಾಕೆ ಕೇಳ್ತಾರೆ?

ಕಾರಣ ಇದು. ಕಾಲೇಜಿನ ಲ್ಯಾಬ್ ಅಂದುಕೊಳ್ಳಿ. ಒಬ್ಬ ಕಿಲಾಡಿ ಥೇಟ್ ಲಾಗಿನ್ ಪುಟದ ಥರಾನೇ ಕಾಣೋ ಒಂದು ಪ್ರೋಗ್ರಾಂ ಬರೆದು, ಓಡಿಸಿಟ್ಟು ಎದ್ದು ಹೋಗ್ತಾನೆ. ನೀವು ಬರ್ತೀರಿ, ಹೆಸರು ಹೊಡೀತೀರಿ, ಪಾಸ್‌ವರ್ಡ್ ಹೊಡೀತೀರಿ. ‘ತಪ್ಪು ಪಾಸ್‌ವರ್ಡ್’ ಅಂತ ತೋರಿಸಿ ಆ ಪ್ರೋಗ್ರಾಂ ಮಾಯ ಆಗುತ್ತೆ, ನಿಜವಾದ ಲಾಗಿನ್ ಬರುತ್ತೆ. ಬೆರಳು ಜಾರಿತೇನೋ ಅಂತ ನೀವು ಮತ್ತೆ ಹೊಡೀತೀರಿ. ಅಷ್ಟರಲ್ಲಿ ನಿಮ್ಮ ಪಾಸ್‌ವರ್ಡ್ ಅವನ ಫೈಲಿನಲ್ಲಿ ಕೂತಾಗಿದೆ.

ಇದನ್ನ ತಡೆಯೋಕೆ ಒಂದು ಕೀ ಗುಂಪು ಬೇಕಿತ್ತು, ಅದನ್ನ ಯಾವ ಸಾಮಾನ್ಯ ಪ್ರೋಗ್ರಾಮೂ ನಡುವೆ ಹಿಡಿಯೋ ಹಾಗಿರಬಾರದು. ಕಂಟ್ರೋಲ್-ಆಲ್ಟ್-ಡಿಲೀಟ್ ಆರಿಸಿಕೊಂಡರು. ಎನ್‌ಟಿಯಲ್ಲಿ ಆ ಮೂರು ಕೀ ಒತ್ತಿದರೆ ಸುದ್ದಿ ನೇರವಾಗಿ ವ್ಯವಸ್ಥೆಯ ತಿರುಳಿಗೆ ಹೋಗುತ್ತೆ. ಪರದೆ ಮೇಲೆ ವೇಷ ಹಾಕಿಕೊಂಡು ಕೂತವನು ಎಷ್ಟೇ ಚೆನ್ನಾಗಿ ನಟಿಸಲಿ, ಅವನನ್ನ ಪಕ್ಕಕ್ಕೆ ತಳ್ಳಿ ನಿಜವಾದ ಪುಟ ಬರುತ್ತೆ. ನಿಮ್ಮ ಎರಡು ಕೈಗೂ ಯಂತ್ರದ ತಿರುಳಿಗೂ ನಡುವೆ ಮೂರನೆಯವನು ಇಲ್ಲ. ಇವತ್ತಿಗೂ ಅನೇಕ ಕಚೇರಿಗಳ ಕಂಪ್ಯೂಟರ್ ಇದನ್ನ ಕೇಳುತ್ತೆ.

2013ರಲ್ಲಿ ಹಾರ್ವರ್ಡ್‌ನಲ್ಲಿ ನಡೆದ ಒಂದು ಸಂವಾದದಲ್ಲಿ ಬಿಲ್ ಗೇಟ್ಸ್ ಇದನ್ನ ತಪ್ಪು ಅಂತ ಒಪ್ಪಿಕೊಂಡರು. ಒಂದೇ ಬಟನ್ ಇರಬೇಕಿತ್ತು, ಐಬಿಎಂನ ಕೀಬೋರ್ಡ್ ವಿನ್ಯಾಸ ಮಾಡೋರು ಕೊಡಲಿಲ್ಲ ಅನ್ನೋ ಅರ್ಥದ ಮಾತು. ಸುದ್ದಿಯಲ್ಲೆಲ್ಲ ‘ಗೇಟ್ಸ್ ಕ್ಷಮೆ’ ಅನ್ನೋ ಧಾಟಿಯ ತಲೆಬರಹ ಬಂದವು. ನನಗಂತೂ ಆ ಒಂದು ಬಟನ್ ಸಿಗದೇ ಇದ್ದದ್ದೇ ಒಳ್ಳೇದಾಯ್ತು ಅನ್ಸುತ್ತೆ. ಎರಡು ಕೈ ಎತ್ತಿ ಮಾಡೋ ಕೆಲಸಕ್ಕೆ ಸ್ವಲ್ಪ ಎಚ್ಚರ ತಾನಾಗೇ ಬರುತ್ತೆ.

ಟಾಸ್ಕ್ ಮ್ಯಾನೇಜರ್ ಕಥೆಯನ್ನೂ ಬಿಡಬಾರದು. ಅದನ್ನ ಬರೆದದ್ದು ಡೇವ್ ಪ್ಲಮರ್, ಮೈಕ್ರೋಸಾಫ್ಟ್ ಉದ್ಯೋಗಿ, ಶುರುವಲ್ಲಿ ಮನೆಯಲ್ಲಿ ಕೂತು ತಮ್ಮ ಸ್ವಂತ ಉಪಯೋಗಕ್ಕೆ. ಅದು 1996ರ ಎನ್‌ಟಿ 4.0 ಒಳಗೆ ಸೇರಿತು. ಕಂಟ್ರೋಲ್-ಶಿಫ್ಟ್-ಎಸ್ಕೇಪ್ ಒತ್ತಿದರೆ ನೇರ ಬರುತ್ತೆ. ಅದರಲ್ಲೊಂದು ಜಾಣತನ ಇದೆ. ಹ್ಯಾಂಗ್ ಆದ ಪ್ರೋಗ್ರಾಂಗಳನ್ನ ಕೊಲ್ಲೋಕೆ ಬಂದ ಟಾಸ್ಕ್ ಮ್ಯಾನೇಜರೇ ಹ್ಯಾಂಗ್ ಆದರೆ? ಮತ್ತೆ ಅದೇ ಕೀ ಒತ್ತಬೇಕು. ಹೊಸದು ಹಳೆಯದನ್ನ ‘ಇದೀಯೇನಪ್ಪಾ’ ಅಂತ ಕೂಗುತ್ತೆ, ಹತ್ತು ಸೆಕೆಂಡ್‌ವರೆಗೆ ಕಾಯುತ್ತೆ, ಉತ್ತರ ಬರದಿದ್ದರೆ ತಾನೇ ಅಧಿಕಾರ ವಹಿಸಿಕೊಳ್ಳುತ್ತೆ.

ಇನ್ನು ನಮ್ಮ ಹುಡುಗ ಒತ್ತಿದ ಕೀ. ವಿಂಡೋಸ್ ಕೀ ಅನ್ನೋದು 1994ರಲ್ಲಿ ಮೈಕ್ರೋಸಾಫ್ಟ್‌ನ ನ್ಯಾಚುರಲ್ ಕೀಬೋರ್ಡಿನಲ್ಲಿ ಬಂತು. ಮರುವರ್ಷ ವಿಂಡೋಸ್ 95. ವಿಂಡೋಸ್ ಕೀ ಜೊತೆ ಆರ್ ಒತ್ತಿದರೆ ಎಡಗಡೆ ಕೆಳಗೆ ‘ರನ್’ ಅಂತ ಒಂದು ಪುಟ್ಟ ಡಬ್ಬಿ ಬರುತ್ತೆ. ಅದರಲ್ಲಿ ಹೆಸರು ಹೊಡೆದರೆ ಆ ಉಪಕರಣ ತೆರೆಯುತ್ತೆ. ರಿಪೇರಿ ಮಾಡೋರಿಗೆ ಇದು ಬಹಳ ಪ್ರೀತಿಯ ಜಾಗ. ಆದರೆ ಗಮನಿಸಿ, ಈ ಬಾಗಿಲು ಒತ್ತೋಕೆ ಎರಡು ಕೈ ಬೇಡ. ಒಳಗೆ ಹೊಡೆದದ್ದು ಎಂಥದ್ದು ಅಂತ ಅದು ಕೇಳೋದೂ ಇಲ್ಲ. ಯಜಮಾನರು ಹೇಳ್ತಿದ್ದಾರೆ ಅಂತ ನಂಬಿ ಮಾಡಿಬಿಡುತ್ತೆ.

ಈ ನಂಬಿಕೆಯನ್ನ ಮೊದಲು ಕಂಡುಕೊಂಡವರಲ್ಲಿ ನಮ್ಮ ದೇಶದ ಮೋಸದ ಕಾಲ್ ಸೆಂಟರ್‌ಗಳೂ ಸೇರಿವೆ, ಹೇಳೋಕೆ ನಾಚಿಕೆ. ಅಮೆರಿಕ, ಬ್ರಿಟನ್ ಕಡೆಯ ವಯಸ್ಸಾದವರಿಗೆ ಫೋನ್ ಮಾಡೋದು, ನಾವು ದೊಡ್ಡ ಕಂಪನಿಯವರು, ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ ಅನ್ನೋದು. ನಂಬದಿದ್ದರೆ? ವಿಂಡೋಸ್ ಕೀ ಮತ್ತು ಆರ್ ಒತ್ತಿ, ಈವೆಂಟ್ ವ್ಯೂವರ್ ಹೆಸರು ಹೊಡೀರಿ. ತೆರೆದರೆ ಕೆಂಪು ಗುರುತು, ಹಳದಿ ಗುರುತುಗಳ ಸಾಲು. ಅಜ್ಜಿ ಗಾಬರಿ. ನಿಜ ಏನಂದ್ರೆ ಹೊಚ್ಚಹೊಸ ಕಂಪ್ಯೂಟರಿನಲ್ಲೂ ಸ್ವಲ್ಪ ದಿನಕ್ಕೇ ಅಂಥ ಗುರುತುಗಳು ತುಂಬಿರ್ತವೆ. ಅದು ದಿನಚರಿ, ರೋಗದ ಪಟ್ಟಿ ಅಲ್ಲ.

ಇನ್ನೊಂದು ಇನ್ನೂ ಖತರ್ನಾಕ್. ಕಪ್ಪು ಕಮಾಂಡ್ ಕಿಟಕಿ ತೆರೆಸಿ ಎ-ಎಸ್-ಎಸ್-ಒ-ಸಿ ಅಂತ ಹೊಡೆಸೋದು. ಉದ್ದನೆ ಪಟ್ಟಿ ಓಡಿ, ಕೊನೆಗೆಲ್ಲೋ 888ಡಿಸಿಎ60 ಅಂತ ಶುರುವಾಗೋ ಒಂದು ದೊಡ್ಡ ಸಂಖ್ಯೆ ಕಾಣುತ್ತೆ. “ಮೇಡಂ, ನಿಮ್ಮ ಕಂಪ್ಯೂಟರಿನ ಗುರುತಿನ ಸಂಖ್ಯೆ ನಮ್ಮ ಹತ್ತಿರ ಇದೆ, ಓದ್ತೀನಿ, ಸರಿನಾ ನೋಡಿ.” ಅಕ್ಷರಶಃ ಸರಿ ಇರುತ್ತೆ! ಇರಲೇಬೇಕು, ಯಾಕಂದ್ರೆ ಆ ಸಂಖ್ಯೆ ಪ್ರಪಂಚದ ಎಲ್ಲ ವಿಂಡೋಸ್‌ನಲ್ಲೂ ಒಂದೇ. 2012ರ ಅಕ್ಟೋಬರ್‌ನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇಂಥ ಮೋಸಗಳ ಮೇಲೆ ದೊಡ್ಡ ಕ್ರಮ ತಗೊಂಡಿತು. ಮೋಸ ನಿಲ್ಲಲಿಲ್ಲ.

2024ರಿಂದ ಈಚೆಗೆ ಫೋನ್ ಮಾಡೋ ಖರ್ಚೂ ಇಲ್ಲ. ಇದಕ್ಕೆ ಭದ್ರತಾ ತಜ್ಞರು ಕ್ಲಿಕ್‌ಫಿಕ್ಸ್ ಅಂತಾರೆ. ನಮ್ಮ ಹುಡುಗನಿಗೆ ಆದದ್ದು ಇದೇ. ಒಂದು ವೆಬ್ ಪುಟಕ್ಕೆ ನಿಮ್ಮ ಯಂತ್ರದಲ್ಲಿ ಆಜ್ಞೆ ಓಡಿಸೋ ಅಧಿಕಾರ ಇಲ್ಲ. ಬ್ರೌಸರ್ ಮಾಡೋರು ವರ್ಷಗಟ್ಟಲೆ ದುಡಿದು ಕಟ್ಟಿದ ಗೋಡೆ ಅದು. ಆದರೆ ನೀವು ಆ ಚೌಕ ಒತ್ತಿದಾಗ ನಿಮ್ಮ ಕ್ಲಿಪ್‌ಬೋರ್ಡಿಗೆ ಒಂದು ಸಾಲು ಕಾಪಿ ಮಾಡೋಕೆ ಆಗುತ್ತೆ. ಗೋಡೆ ದಾಟೋದು ಯಾರು? ನೀವೇ. ವಿಂಡೋಸ್-ಆರ್ ಅಂದ್ರೆ ಬಾಗಿಲು, ಕಂಟ್ರೋಲ್-ವಿ ಅಂದ್ರೆ ಆ ಸಾಲು, ಎಂಟರ್ ಅಂದ್ರೆ ಒಪ್ಪಿಗೆ. 1993ರಲ್ಲಿ ನಡುವೆ ಬರಬಾರದು ಅಂತ ಯಾರನ್ನ ಹೊರಗಿಟ್ಟರೋ, ಅವನು ಈಗ ನಿಮ್ಮ ಬೆರಳಲ್ಲೇ ಬರ್ತಾನೆ.

“ನಮ್ಮ ಹತ್ತಿರ ಲ್ಯಾಪ್‌ಟಾಪೇ ಇಲ್ಲ, ಎಲ್ಲಾ ಫೋನಲ್ಲೇ” ಅಂತೀರಾ? ಫೋನಿನಲ್ಲೂ ಇಂಥ ಬಾಗಿಲುಗಳಿವೆ. ಡಯಲರ್‌ನಲ್ಲಿ *#06# ಒತ್ತಿದರೆ ಐಎಂಇಐ ಸಂಖ್ಯೆ ಬರುತ್ತೆ. ಆಂಡ್ರಾಯ್ಡ್‌ನಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ತಟ್ಟಿದರೆ ಡೆವಲಪರ್‌ಗಳ ಗುಪ್ತ ಮೆನು ತೆರೆಯುತ್ತೆ. ಏಳು ಸಲ ಯಾರೂ ಅಕಸ್ಮಾತ್ ತಟ್ಟಲ್ಲ ನೋಡಿ, ಬ್ರಾಡ್ಲಿ ಕಾಲದ ಅದೇ ಲೆಕ್ಕಾಚಾರ. ಮೋಸವೂ ಅದೇ. ಕೊರಿಯರ್‌ನವರು, ಸಿಮ್ ಕಂಪನಿಯವರು ಅಂತ ಕರೆ ಮಾಡಿ, *401* ಆದಮೇಲೆ ಈ ನಂಬರ್ ಒತ್ತಿ ಅಂತಾರೆ. ಒತ್ತಿದರೆ ನಿಮಗೆ ಬರೋ ಕರೆಗಳೆಲ್ಲ ಅವರ ನಂಬರಿಗೆ. ಕರೆ ಮಾಡಿ ಓಟಿಪಿ ಹೇಳೋ ವ್ಯವಸ್ಥೆ ಇದ್ದರೆ ಅದೂ ಅವರಿಗೇ. ಇದು ಎಷ್ಟು ಜೋರಾಯ್ತು ಅಂದ್ರೆ, 2024ರ ಏಪ್ರಿಲ್ 15ರಿಂದ ಇಂಥ ಕೋಡ್ ಒತ್ತಿ ಕರೆ ತಿರುಗಿಸೋ ಸೌಲಭ್ಯ ನಿಲ್ಲಿಸಿ ಅಂತ ಕೇಂದ್ರ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಆದೇಶ ಕೊಡಬೇಕಾಯ್ತು.

ನಮ್ಮ ಹುಡುಗನಿಗೆ ನಾನು ಹೇಳಿದ್ದು: ಮೊದಲು ವೈಫೈ ಕಿತ್ತು ಹಾಕು. ಆ ಲ್ಯಾಪ್‌ಟಾಪ್ ಮುಟ್ಟಬೇಡ, ಅಮ್ಮನ ಫೋನ್ ತಗೊಂಡು ಅದರಿಂದ ಪಾಸ್‌ವರ್ಡ್ ಬದಲಾಯಿಸು, ಎಲ್ಲ ಕಡೆಯಿಂದ ಲಾಗ್‌ಔಟ್ ಮಾಡು. ಬ್ಯಾಂಕಿನಿಂದ ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡು. ಹಣ ಹೋಗಿರಲಿಲ್ಲ, ಪುಣ್ಯ. ಇಮೇಲ್ ಎರಡು ದಿನಕ್ಕೆ ವಾಪಸ್ ಬಂತು. ರೀಲ್ಸ್ ಖಾತೆ ಇನ್ನೂ ಬಂದಿಲ್ಲ, ಅದರಲ್ಲೀಗ ಯಾರೋ ಕ್ರಿಪ್ಟೋ ಮಾರ್ತಿದ್ದಾರೆ.

ಆ ಭಾನುವಾರ ಚಿಕ್ಕಮ್ಮನ ಮನೆಗೆ ಹೋದೆ. ಲ್ಯಾಪ್‌ಟಾಪನ್ನ ಪೂರ್ತಿ ಅಳಿಸಿ ಹೊಸದಾಗಿ ವಿಂಡೋಸ್ ಹಾಕೋದಿತ್ತು. ಅದಕ್ಕೆ ಮುಂಚೆ, ಇಂಟರ್‌ನೆಟ್ ಇಲ್ಲದೆ, ರನ್ ಡಬ್ಬಿ ತೆರೆದೆವು. ಹಿಂದೆ ಹೊಡೆದದ್ದನ್ನ ಅದು ನೆನಪಿಟ್ಟುಕೊಳ್ಳುತ್ತೆ. ಅವತ್ತಿನ ಸಾಲು ಅಲ್ಲೇ ಇತ್ತು. ಡಬ್ಬಿ ಚಿಕ್ಕದು, ಸಾಲು ಉದ್ದ, ಹಾಗಾಗಿ ಕಾಣ್ತಿದ್ದದ್ದು ಬಾಲ ಮಾತ್ರ: ‘ನಾನು ರೋಬೋಟ್ ಅಲ್ಲ, ಪರಿಶೀಲನಾ ಸಂಖ್ಯೆ’ ಅಂತ ಇಂಗ್ಲಿಷಿನಲ್ಲಿ, ಪಕ್ಕದಲ್ಲಿ ಹಸಿರು ಟಿಕ್ ಗುರುತು.

“ನೋಡಣ್ಣಾ, ನಾನು ನೋಡಿದ್ದು ಇಷ್ಟೇ,” ಅಂದ.

ಎಂಟರ್ ಬಿಟ್ಟು ಹೋಮ್ ಕೀ ಒತ್ತು ಅಂದೆ. ಕರ್ಸರ್ ಸಾಲಿನ ಶುರುವಿಗೆ ಹೋಯ್ತು. ಅಲ್ಲಿ ಮೊದಲ ಪದ ಪವರ್‌ಶೆಲ್ ಅಂತಿತ್ತು.